ಧ್ರುವದ ಸುಳಿಗಾಳಿ

ಪುಷ್ಯಮಾಸದ ನಸುಕು. ಬೈಲಹೊಂಗಲದ ಎರೆಹೊಲಗಳಲ್ಲಿ ಬಿಳಿಜೋಳ ತಲೆದೂಗುತ್ತಿರುತ್ತದೆ; ಮೇಲಿನ ಬಾನು ನಿಶ್ಚಲವಾಗಿ ತೋರುತ್ತದೆ. ಅದೇ ವೇಳೆ ಉತ್ತರ ಧ್ರುವದ ದೀರ್ಘ ಇರುಳಿನಲ್ಲಿ, 15ರಿಂದ 50 ಕಿಲೋಮೀಟರ್ ಎತ್ತರದಲ್ಲಿ, ಶೀತಗಾಳಿಯ ಮಹಾಸುಳಿಯೊಂದು ತಿರುಗುತ್ತಿರುತ್ತದೆ.

ಪರ್ವತಸಾಲುಗಳಿಂದಲೂ ನೆಲ-ಕಡಲುಗಳ ಉಷ್ಣತೆಯ ಭೇದದಿಂದಲೂ ಏಳುವ ಗಾಳಿಯ ಅಲೆಗಳು ಕೆಲವೊಮ್ಮೆ ಮೇಲೇರಿ ಈ ಸುಳಿಯನ್ನು ಕದಡುತ್ತವೆ. 2009ರ ಜನವರಿಯಲ್ಲಿ ಅದು ಇಬ್ಭಾಗವಾಯಿತು. ಅಲ್ಲಿಯ ಗಾಳಿ ಕೆಲವೇ ದಿನಗಳಲ್ಲಿ ಬಿಸಿಯೇರಿತು.

ಇಂಥ ಕದಡಾಟ 100 ಕಿಲೋಮೀಟರಿಗೂ ಮೇಲಿನ ವಾಯುವಿನ ಘಟಕಗಳನ್ನೇ ಬದಲಿಸುತ್ತದೆ. ಸಾರಜನಕದ ಅಣುಗಳಿಗೆ ಹೋಲಿಸಿದರೆ ಆಮ್ಲಜನಕದ ಪರಮಾಣುಗಳು ಕಡಿಮೆಯಾಗುತ್ತವೆ. ಆಮ್ಲಜನಕದ ಪರಮಾಣು ಅಯಾನುಗೋಳದ ವಿದ್ಯುತ್ಕಣಗಳಿಗೆ ಮೂಲ. ಸಾರಜನಕದ ಅಣು ಅವುಗಳ ಅಳಿವಿಗೆ ಕಾರಣ. ಹುಟ್ಟುವಳಿ ತಗ್ಗಿ ವೆಚ್ಚ ಹೆಚ್ಚಿದ ಮನೆಯಂತೆ ಆ ಪದರ ಬಡವಾಗುತ್ತದೆ.

ದಕ್ಷಿಣ ಭಾರತದ ಅಯಾನುಗೋಳದಲ್ಲಿಯೂ ಧ್ರುವದ ಕದಡಾಟದ ಗುರುತುಗಳನ್ನು ವಿಜ್ಞಾನಿಗಳು ಕಂಡಿದ್ದಾರೆ. ದಾರಿ ತೋರುವ ಉಪಗ್ರಹಗಳ ಸಂಕೇತಗಳು ಈ ಪದರವನ್ನೇ ಹಾಯ್ದು ಬರಬೇಕು. ಆದುದರಿಂದ ದೂರದ ಧ್ರುವದ ಗಾಳಿ ನಮಗೆ ಪರಕೀಯವಲ್ಲ.