ಬೆಲೆ ಬರೆಸಿ, ಆಮೇಲೆ ಕಳಿಸಿ

ಕಲಬುರಗಿಯಿಂದ ಅಫಜಲಪುರದ ಬಸ್ಸು ಹತ್ತಿದವರಿಗೆ ದಾರಿಯಲ್ಲಿ ಸಿಗುವ ಊರು ಚೌಡಾಪುರ. ಗಾಣಗಾಪುರದ ದತ್ತನ ದರ್ಶನಕ್ಕೆ ಹೋಗುವವರಿಗೂ ಪರಿಚಿತ. ಈ ಭಾಗದಿಂದ ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ದುಡಿಯಲು, ಓದಲು ಹೋದವರು ಬಹಳ. ಹೀಗಾಗಿ ಊರಿಂದ ಮೂಲ ಅಂಕಪಟ್ಟಿ, ಹೊಲದ ಕಾಗದಪತ್ರ, ಮಗಳಿಗೆ ಕಟ್ಟಿದ ಸಾಮಾನು ಹೋಗುತ್ತಲೇ ಇರುತ್ತವೆ. ಅತ್ತ ಕಡೆಯಿಂದ ಮೊಬೈಲು, ಔಷಧಿ, ಎಟಿಎಂ ಕಾರ್ಡು, ಪಾಸ್‌ಪೋರ್ಟು ಬರುತ್ತವೆ. ಇವುಗಳಲ್ಲಿ ಯಾವುದೋ ಒಂದು ತಲುಪದೆ ಹೋದಾಗ ಮನೆಯವರು ಮೊದಲು ಕೇಳುವುದು "ಯಾರ ಮ್ಯಾಲೆ ಕೇಸ್ ಹಾಕಬೇಕ್ರಿ?" ಎಂದು. ಕಾನೂನು ಕೇಳುವುದು ಬೇರೆ ಪ್ರಶ್ನೆ: "ಒಳಗೆ ಏನಿತ್ತು, ಅದರ ಬೆಲೆ ಎಷ್ಟು ಎಂದು ಕಳಿಸುವಾಗಲೇ ಬರೆಸಿದ್ದಿರಾ?"

ಪರಿಹಾರದ ಹಕ್ಕು ಬಹುಮಟ್ಟಿಗೆ ನಿರ್ಧಾರವಾಗುವುದು ಪಾರ್ಸಲ್ ಕಳೆದ ದಿನವಲ್ಲ, ಬುಕ್ ಮಾಡಿದ ದಿನ. ಬೆಲೆ ಬರೆಸದೆ ಕಳಿಸಿದ ವಸ್ತುವಿಗೆ ಸಿಗುವ ಪರಿಹಾರ ತೀರಾ ಅಲ್ಪ. ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಅಂಚೆ ಇಲಾಖೆಯ ಹೊಣೆ ಎಷ್ಟು?

1898ರ ಹಳೆಯ ಅಂಚೆ ಕಾಯ್ದೆಯ ಜಾಗಕ್ಕೆ 2023ರ ಅಂಚೆ ಕಚೇರಿ ಕಾಯ್ದೆ ಬಂದಿದೆ. ಅದು 2024ರ ಜೂನ್ 18ರಿಂದ ಜಾರಿಯಲ್ಲಿದೆ. ಅದರ 10ನೇ ಕಲಂ ಪ್ರಕಾರ, ನಿಯಮಗಳಲ್ಲಿ ಹೇಳಿದಷ್ಟು ಹೊಣೆಯನ್ನು ಬಿಟ್ಟು ಅಂಚೆ ಕಚೇರಿಗೆ ಬೇರೆ ಹೊಣೆಯಿಲ್ಲ. ನೌಕರನೊಬ್ಬ ವಂಚನೆ ಮಾಡಿದ್ದರೆ, ಅಥವಾ ಬೇಕೆಂದೇ ನಷ್ಟ, ವಿಳಂಬ, ತಪ್ಪು ಬಟವಾಡೆ ಮಾಡಿದ್ದರೆ ಮಾತ್ರ ಅವನು ವೈಯಕ್ತಿಕವಾಗಿ ಹೊಣೆಗಾರ. ಹಳೆಯ ಕಾಯ್ದೆಯ 6ನೇ ಕಲಮಿನಲ್ಲೂ ಹೆಚ್ಚುಕಡಿಮೆ ಇದೇ ರಕ್ಷಣೆ ಇತ್ತು.

ಹಾಗಾದರೆ ನಿಯಮ ಹೇಳುವ ಪರಿಹಾರ ಎಷ್ಟು? ಸ್ಪೀಡ್ ಪೋಸ್ಟ್‌ಗೆ 1933ರ ಹಳೆಯ ಅಂಚೆ ನಿಯಮಗಳ 66-ಬಿ ಹಾಕಿಕೊಟ್ಟ ಸೂತ್ರ ಹೀಗಿತ್ತು: ನಿಗದಿತ ಅವಧಿ ಮೀರಿ ತಡವಾದರೆ ಕಟ್ಟಿದ ಶುಲ್ಕ ವಾಪಸ್, ಕಳೆದರೆ, ಒಳಗಿನದು ಕಾಣೆಯಾದರೆ ಅಥವಾ ಹಾಳಾದರೆ ಶುಲ್ಕದ ದುಪ್ಪಟ್ಟು ಇಲ್ಲವೇ 1,000 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಲೆಕ್ಕ ಹಾಕಿ ನೋಡಿ. 20,000 ರೂಪಾಯಿಯ ಮೊಬೈಲನ್ನು 80 ರೂಪಾಯಿ ಶುಲ್ಕ ಕೊಟ್ಟು ಕಳಿಸಿದ್ದೀರಿ. ಅದು ಕಳೆದರೆ ಈ ಸೂತ್ರದಂತೆ ಕೈಗೆ ಬರುವುದು 160 ರೂಪಾಯಿ.

2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟ್ ಅನ್ನು ಸ್ಪೀಡ್ ಪೋಸ್ಟ್ ಜೊತೆ ವಿಲೀನ ಮಾಡಲಾಗಿದೆ. "ರಿಜಿಸ್ಟರ್ ಮಾಡ್ರಿ" ಎಂದು ಕೇಳುವ ರೂಢಿ ನಮ್ಮ ಹಿರಿಯರಲ್ಲಿ ಇನ್ನೂ ಇದೆ. ಈಗ ಸ್ಪೀಡ್ ಪೋಸ್ಟ್ ಮಾಡಿಸಿ, ಅದರ ಮೇಲೆ ನೋಂದಣಿ ಸೌಲಭ್ಯ ಕೇಳಬೇಕು. ಆಗ ವಿಳಾಸದಾರರ ಕೈಗೇ ಕೊಡಬೇಕಾಗುತ್ತದೆ. ಪಡೆಯುವವರ ಮೊಬೈಲಿಗೆ ಬಂದ ಒಟಿಪಿ ಹೇಳಿದರೆ ಮಾತ್ರ ಬಟವಾಡೆ ಮಾಡುವ ಸೌಲಭ್ಯವೂ 2025ರ ಅಕ್ಟೋಬರ್‌ನಿಂದ ಬಂದಿದೆ. ಎರಡಕ್ಕೂ ತಲಾ 5 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಎಂದು ಆಗ ನಿಗದಿಯಾಯಿತು. ಬೆಲೆಬಾಳುವ ವಸ್ತುವಿಗೆ ಇವೆರಡನ್ನೂ ಬಿಡಬೇಡಿ.

ವಿಮೆಯೇ ನಿಜವಾದ ಕಾವಲು

ಸ್ಪೀಡ್ ಪೋಸ್ಟ್‌ನಲ್ಲಿ 1 ಲಕ್ಷ ರೂಪಾಯಿವರೆಗೆ ವಿಮೆ ಮಾಡಿಸಬಹುದು. ವಿಮೆ ಮಾಡಿಸಿದ ವಸ್ತು ಅಂಚೆಯಲ್ಲಿ ಕಳೆದರೆ ವಿಮೆಯ ಮೊತ್ತ ಮೀರದಂತೆ ವಸ್ತುವಿನ ನಿಜ ಬೆಲೆ ಸಿಗುತ್ತದೆ. ಎರಡು ಎಚ್ಚರಿಕೆಗಳಿವೆ. 10,000 ರೂಪಾಯಿಯ ವಸ್ತುವಿಗೆ 50,000 ಎಂದು ಬರೆಸಿದರೆ 50,000 ಬರುವುದಿಲ್ಲ. ಕಡಿಮೆ ಬರೆಸಿದರೆ ಬರೆಸಿದಷ್ಟೇ ಗತಿ. ಆದ್ದರಿಂದ ಖರೀದಿ ಬಿಲ್ಲಿನ ಪ್ರತಿ ಇಟ್ಟುಕೊಂಡು ನಿಜ ಬೆಲೆಯನ್ನೇ ಬರೆಸಿ.

ನೋಟು, ನಾಣ್ಯ, ಬಂಗಾರ, ಬೆಳ್ಳಿ, ಹರಳು, ಒಡವೆಗಳನ್ನು ವಿಮೆ ಇಲ್ಲದೆ ಅಂಚೆಯಲ್ಲಿ ಕಳಿಸಲು ಹಿಂದಿನಿಂದಲೂ ನಿಷೇಧವಿದೆ. ಸೀರೆಯ ಮಡಿಕೆಯಲ್ಲಿ ಐನೂರರ ನೋಟು ಇಟ್ಟು ಕಳಿಸುವುದು, ಹಬ್ಬದ ಡಬ್ಬಿಯಲ್ಲಿ ಬೋರಮಾಳ ಸರ ಅಡಗಿಸುವುದು ಪ್ರೀತಿಯಿಂದ ಮಾಡುವ ಕೆಲಸವೇ ಇರಬಹುದು. ಆದರೆ ಕಳೆದಾಗ "ಒಳಗೆ ಬಂಗಾರ ಇತ್ತು" ಎಂದು ಹೇಳಿದ ಕ್ಷಣವೇ ನಿಯಮ ಮುರಿದವರು ನೀವಾಗುತ್ತೀರಿ. ಹಣಕ್ಕೆ ಮನಿ ಆರ್ಡರ್ ಅಥವಾ ಬ್ಯಾಂಕ್ ಖಾತೆ ಬಳಸಿ.

ಹಳ್ಳಿಯ ಶಾಖಾ ಅಂಚೆ ಕಚೇರಿಯಲ್ಲಿ ವಿಮೆಯ ಮಿತಿ ಬಹಳ ಕಡಿಮೆ. ದೊಡ್ಡ ಮೊತ್ತದ್ದಾದರೆ ಅಫಜಲಪುರದ ಅಂಚೆ ಕಚೇರಿಗೋ ಕಲಬುರಗಿಯ ಪ್ರಧಾನ ಅಂಚೆ ಕಚೇರಿಗೋ ಹೋಗುವುದು ಲೇಸು.

ಕಟ್ಟುವಾಗ, ವಿಳಾಸ ಬರೆಯುವಾಗ

ವಿಮೆಯ ಪಾರ್ಸಲ್ಲಿಗೆ ಅರಗಿನ ಮುದ್ರೆ ಹಾಕುವ ಪದ್ಧತಿ ಸುಮ್ಮನೆ ಬಂದದ್ದಲ್ಲ. ಕಟ್ಟಿನ ಪ್ರತಿ ಜೋಡಣೆಯ ಮೇಲೂ ಒಂದೇ ಬಣ್ಣದ ಅರಗು, ಒಂದೇ ಮುದ್ರೆ ಇರಬೇಕು. ಆ ಮುದ್ರೆ ಕಳಿಸುವವರ ಸ್ವಂತದ್ದಾಗಿರಬೇಕು, ನಾಣ್ಯ ಒತ್ತುವಂತಿಲ್ಲ ಎಂದು ಹಳೆಯ ನಿಯಮ ಹೇಳುತ್ತಿತ್ತು. ನಾಣ್ಯ ಎಲ್ಲರ ಜೇಬಿನಲ್ಲೂ ಇರುತ್ತದೆ. ನಡುವೆ ಬಿಚ್ಚಿದವನು ಅದನ್ನೇ ಮತ್ತೆ ಒತ್ತಿ ಮುಚ್ಚಬಹುದು ಎಂಬುದೇ ಕಾರಣ. ಬರೀ ಅಂಟುಪಟ್ಟಿ ಸುತ್ತುವವರೂ ಇದೇ ತತ್ವ ಪಾಲಿಸಬಹುದು: ಜೋಡಣೆಗಳ ಮೇಲೆ ಪಟ್ಟಿ ಅಂಟಿಸಿ, ಪಟ್ಟಿ ಮತ್ತು ಪೆಟ್ಟಿಗೆ ಎರಡಕ್ಕೂ ತಾಗುವಂತೆ ಸಹಿ ಹಾಕಿ, ಫೋಟೊ ತೆಗೆದುಕೊಳ್ಳಿ. ಪೆಟ್ಟಿಗೆಯ ಮೇಲೆ ಮೊಬೈಲ್ ಕಂಪನಿಯ ಹೆಸರು, ಚಿತ್ರ ಕಾಣದಂತೆ ಮುಚ್ಚಿ. ಒಳಗೂ ಒಂದು ಚೀಟಿಯಲ್ಲಿ ಎರಡೂ ವಿಳಾಸ ಬರೆದಿಡಿ.

ತೂಕ ಬಹಳ ಮುಖ್ಯ. ರಸೀದಿಯಲ್ಲಿ 640 ಗ್ರಾಂ ಎಂದಿದ್ದು, ತಲುಪಿದಾಗ 410 ಗ್ರಾಂ ಆಗಿದ್ದರೆ ಅದಕ್ಕಿಂತ ಗಟ್ಟಿ ಸಾಕ್ಷ್ಯ ಬೇರೆ ಬೇಕಿಲ್ಲ. ಕೌಂಟರ್ ಬಿಡುವ ಮುಂಚೆ ರಸೀದಿಯಲ್ಲಿ ತೂಕ, ವಿಮೆಯ ಮೊತ್ತ, ಪಿನ್ ಕೋಡ್, ಹದಿಮೂರು ಅಕ್ಷರ-ಅಂಕಿಗಳ ಟ್ರ್ಯಾಕಿಂಗ್ ಸಂಖ್ಯೆ ಸರಿಯಾಗಿವೆಯೇ ನೋಡಿ. ಉಷ್ಣಕಾಗದದ ರಸೀದಿಯ ಅಕ್ಷರ ಕೆಲವೇ ತಿಂಗಳಲ್ಲಿ ಮಾಸುತ್ತದೆ. ಅಂದೇ ಫೋಟೊ ತೆಗೆದಿಡಿ.

ಒಂದೇ ಹೆಸರಿನ ಊರುಗಳು ರಾಜ್ಯದಲ್ಲಿ ಹಲವಿವೆ. "ಚೌಡಾಪುರ" ಎಂದಷ್ಟೇ ಬರೆದರೆ ಸಾಲದು. ತಂದೆ ಅಥವಾ ಗಂಡನ ಹೆಸರು, ಓಣಿ, ಹತ್ತಿರದ ಗುಡಿ ಅಥವಾ ಶಾಲೆ, ಅಂಚೆ, ತಾಲೂಕು ಅಫಜಲಪುರ, ಜಿಲ್ಲೆ ಕಲಬುರಗಿ, 585ರಿಂದ ಶುರುವಾಗುವ ಪೂರ್ಣ ಪಿನ್ ಕೋಡ್, ಮೊಬೈಲ್ ಸಂಖ್ಯೆ ಎಲ್ಲವೂ ಇರಲಿ.

ಕೊರಿಯರ್, ಲಾರಿ, ಬಸ್ ಪಾರ್ಸಲ್

ಖಾಸಗಿ ಕೊರಿಯರಿಗೆ ಅಂಚೆ ಕಾಯ್ದೆಯ ರಕ್ಷಣೆ ಇಲ್ಲ. ಆದರೆ ಅವರ ರಸೀದಿಯ ಹಿಂಬದಿಯ ಸಣ್ಣಕ್ಷರಗಳಲ್ಲಿ "ನಮ್ಮ ಹೊಣೆ ಇಷ್ಟಕ್ಕೆ ಮಾತ್ರ" ಎಂಬ ಷರತ್ತು ಇರುತ್ತದೆ. ಭಾರತಿ ನಿಟ್ಟಿಂಗ್ ಕಂಪನಿ ಮತ್ತು ಡಿಎಚ್‌ಎಲ್ ನಡುವಿನ ಪ್ರಕರಣದಲ್ಲಿ ಜರ್ಮನಿಗೆ ಕಳಿಸಿದ ಸರಕಿನ ದಾಖಲೆಗಳ ಲಕೋಟೆ ತಲುಪಲಿಲ್ಲ. ನಷ್ಟ ದೊಡ್ಡದಾಗಿತ್ತು. 1996ರಲ್ಲಿ ಸುಪ್ರೀಂ ಕೋರ್ಟ್, ಸಹಿ ಹಾಕಿ ಒಪ್ಪಿದ ಷರತ್ತಿಗೆ ಕಳಿಸಿದವರು ಬದ್ಧರು ಎಂದು ಹೇಳಿ ಪರಿಹಾರವನ್ನು ಆ ಷರತ್ತಿನಲ್ಲಿದ್ದ 100 ಡಾಲರಿಗೇ ಸೀಮಿತಗೊಳಿಸಿತು. ಸಹಿ ಹಾಕುವ ಮುಂಚೆ ಓದಿ, ಬೆಲೆ ಬರೆಸಿ, ಹೆಚ್ಚುವರಿ ಶುಲ್ಕ ಕೊಟ್ಟು ರಿಸ್ಕ್ ಕವರ್ ಪಡೆಯಿರಿ ಎಂಬುದೇ ಆ ತೀರ್ಪಿನ ಪಾಠ.

ಲಾರಿ ಟ್ರಾನ್ಸ್‌ಪೋರ್ಟ್‌ನಲ್ಲಿ ಕಳಿಸುವ ಸರಕಿಗೆ 2007ರ ರಸ್ತೆ ಮೂಲಕ ಸರಕು ಸಾಗಣೆ ಕಾಯ್ದೆ ಅನ್ವಯ. ಬೆಲೆ ಬರೆಸಿ ಹೆಚ್ಚಿನ ದರ ಕೊಡದಿದ್ದರೆ ಪರಿಹಾರ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಇನ್ನೊಂದು ಕಟ್ಟುನಿಟ್ಟಿನ ಗಡುವಿದೆ: ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಡದಿದ್ದರೆ ದಾವೆ ಹೂಡುವಂತಿಲ್ಲ. "ಇವತ್ತ್ ಬರ್ತದ, ನಾಳಿ ಬರ್ತದ" ಎಂಬ ಮಾತು ಕೇಳುತ್ತ ಕೂತರೆ ಆ ದಿನಗಳು ಹೋಗಿಬಿಡುತ್ತವೆ. ಸಾರಿಗೆ ನಿಗಮದ ಬಸ್ಸಿನಲ್ಲಿ ಕಳಿಸುವುದಾದರೆ ಕಾರ್ಗೋ ಕೌಂಟರಿನಲ್ಲೇ ಬುಕ್ ಮಾಡಿಸಿ. ಪರಿಚಯದ ಕಂಡಕ್ಟರ್ ಅಥವಾ ಡ್ರೈವರ್ ಕೈಗೆ ರಸೀದಿಯಿಲ್ಲದೆ ಕೊಟ್ಟ ಗಂಟಿಗೆ ಯಾರೂ ಹೊಣೆಯಲ್ಲ.

ಆನ್‌ಲೈನಿನಲ್ಲಿ ಕೊಂಡ ವಸ್ತು

ಇಲ್ಲಿ ನೀವು ಕೊರಿಯರ್ ಹುಡುಗನೊಂದಿಗೆ ಜಗಳವಾಡಬೇಕಿಲ್ಲ. ದುಡ್ಡು ಪಡೆದದ್ದು ಮಾರಾಟಗಾರ. ಉತ್ತರ ಕೊಡಬೇಕಾದವನೂ ಅವನೇ. 2020ರ ಇ-ಕಾಮರ್ಸ್ ನಿಯಮಗಳಂತೆ ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ಸ್ವೀಕರಿಸಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ದೋಷಯುಕ್ತ ಅಥವಾ ಹೇಳಿದ್ದಕ್ಕಿಂತ ಬೇರೆ ವಸ್ತು ಬಂದರೆ ವಾಪಸ್ ಪಡೆದು ಹಣ ಮರಳಿಸಲು ನಿರಾಕರಿಸುವಂತಿಲ್ಲ.

"ಪಾರ್ಸಲ್ ಬಂದದರಿ, ಒಟಿಪಿ ಹೇಳ್ರಿ, ಅಂಗಡ್ಯಾಗ ಇಟ್ ಹೋಗ್ತೀನಿ" ಎಂದು ಫೋನ್ ಬಂದರೆ ಒಪ್ಪಬೇಡಿ. ಒಟಿಪಿ ಹೇಳಿದರೆ ಅದು ನಿಮ್ಮ ಸಹಿ ಇದ್ದಂತೆ. ವಸ್ತು ಕೈಗೆ ಬಂದ ಮೇಲೆಯೇ ಹೇಳಿ. ಪೆಟ್ಟಿಗೆಯ ಆರೂ ಮುಖ, ಲೇಬಲ್ ಕಾಣುವಂತೆ ತೋರಿಸಿ, ತಡೆಯಿಲ್ಲದ ಒಂದೇ ವಿಡಿಯೊದಲ್ಲಿ ಬಿಚ್ಚಿ. ಆ ವಿಡಿಯೊವನ್ನು ಮೂಲ ಫೋನಿನಲ್ಲಿ ಅಳಿಸದೆ ಉಳಿಸಿ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದೊಂದಿಗೆ ಅದನ್ನು ಸಾಕ್ಷ್ಯವಾಗಿ ಹಾಜರುಪಡಿಸಬಹುದು.

ಅಂಚೆಯಲ್ಲಿ ಬಂದ ಪಾರ್ಸಲ್ ಹರಿದಿದ್ದರೆ, ತೂಕ ಕಡಿಮೆಯಿದ್ದರೆ ಸಹಿ ಹಾಕುವ ಮುಂಚೆ "ಓಪನ್ ಡೆಲಿವರಿ" ಕೇಳಿ. ಪೋಸ್ಟ್ ಮಾಸ್ಟರ್ ಮತ್ತು ಸಾಕ್ಷಿಗಳ ಎದುರು ಬಿಚ್ಚಿ, ಒಳಗಿರುವುದರ ಪಟ್ಟಿ ಮಾಡುತ್ತಾರೆ. ಆ ಪಟ್ಟಿಯ ಪ್ರತಿ ಪಡೆಯಿರಿ.

ಕಳೆದರೆ ಏನು ಮಾಡಬೇಕು?

1. ಲಿಖಿತ ದೂರು. ಅಂಚೆಯದಾದರೆ 1800 266 6868 ಉಚಿತ ಸಂಖ್ಯೆಗೆ ಕರೆ ಮಾಡಿ ಅಥವಾ ಅಂಚೆ ಕಚೇರಿಯಲ್ಲೇ ದೂರು ದಾಖಲಿಸಿ, ದೂರು ಸಂಖ್ಯೆ ಪಡೆಯಿರಿ. ಉತ್ತರ ಬಾರದಿದ್ದರೆ ಕಲಬುರಗಿ ವಿಭಾಗದ ಅಂಚೆ ಅಧೀಕ್ಷಕರಿಗೆ ಬರೆಯಿರಿ. ಕೇಂದ್ರ ಸರ್ಕಾರದ ಸಿಪಿಗ್ರಾಮ್ಸ್ ಜಾಲತಾಣದಲ್ಲೂ ದೂರಬಹುದು.

2. ಮಾಹಿತಿ ಹಕ್ಕು. "ತಲುಪಿದೆ" ಎಂದು ಟ್ರ್ಯಾಕಿಂಗ್ ತೋರಿಸಿ, ನಿಮಗೆ ತಲುಪಿರದಿದ್ದರೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಯಾರಿಗೆ ಕೊಟ್ಟರು, ಸಹಿ ಯಾರದು, ತೂಕ ಎಲ್ಲೆಲ್ಲಿ ದಾಖಲಾಗಿದೆ ಎಂದು ದಾಖಲೆ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ.

3. ಪೊಲೀಸ್ ದೂರು. ಕಳ್ಳತನದ ಅನುಮಾನವಿದ್ದರೆ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಕಳ್ಳತನಕ್ಕೆ. ಸಾಗಿಸಲು ಒಪ್ಪಿಸಿದ ವಸ್ತುವನ್ನು ಸಾಗಣೆದಾರನೇ ನುಂಗಿದರೆ 316(3)ರಡಿ ಏಳು ವರ್ಷದವರೆಗೆ ಶಿಕ್ಷೆ. ಸಾರ್ವಜನಿಕ ನೌಕರ ಮಾಡಿದರೆ 316(5)ರಡಿ ಹತ್ತು ವರ್ಷ ಅಥವಾ ಜೀವಾವಧಿಯವರೆಗೆ. ಎಫ್‌ಐಆರ್ ಪ್ರತಿ ಉಚಿತ. ಠಾಣೆಯಲ್ಲಿ ಬರೆದುಕೊಳ್ಳದಿದ್ದರೆ ಜಿಲ್ಲಾ ಎಸ್ಪಿಗೆ ಅಂಚೆಯಲ್ಲೇ ದೂರು ಕಳಿಸಬಹುದು.

4. ಖಾಯಂ ಲೋಕ ಅದಾಲತ್. ಇದು ಹೆಚ್ಚಿನವರಿಗೆ ಗೊತ್ತಿಲ್ಲದ ದಾರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 22-ಎ ಕಲಮಿನಲ್ಲಿ ಅಂಚೆ ಸೇವೆಯನ್ನೂ ಸರಕು ಸಾಗಣೆಯನ್ನೂ ಸಾರ್ವಜನಿಕ ಉಪಯುಕ್ತ ಸೇವೆ ಎಂದು ಹೆಸರಿಸಲಾಗಿದೆ. ಕೋರ್ಟಿಗೆ ಹೋಗುವ ಮುಂಚೆ ಇಲ್ಲಿ ಅರ್ಜಿ ಹಾಕಬಹುದು, ಕೋರ್ಟ್ ಶುಲ್ಕವಿಲ್ಲ. ಮೊದಲು ರಾಜಿಗೆ ಯತ್ನಿಸುತ್ತಾರೆ, ಆಗದಿದ್ದರೆ ತೀರ್ಮಾನವನ್ನೇ ಕೊಡುತ್ತಾರೆ. ಅದು ಡಿಕ್ರಿಗೆ ಸಮ.

5. ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರ ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮಾರಾಟಗಾರ ಗುರುಗ್ರಾಮದಲ್ಲಿದ್ದರೂ ಚೌಡಾಪುರದವರ ದೂರನ್ನು ಕಲಬುರಗಿಯ ಆಯೋಗ ಕೇಳುತ್ತದೆ. ಗಡುವು ಎರಡು ವರ್ಷ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆ ನೀವೇ ವಾದಿಸಬಹುದು. ಮೊದಲು 1915 ಸಹಾಯವಾಣಿಗೆ ಕರೆ ಮಾಡಿ ನೋಡಿ. ಹಲವು ದೂರುಗಳು ಅಲ್ಲೇ ಮುಗಿಯುತ್ತವೆ. ಅಂಚೆ ಇಲಾಖೆಯ ವಿರುದ್ಧವಾದರೆ ಮೇಲೆ ಹೇಳಿದ 10ನೇ ಕಲಂ ಎದುರಾಗುತ್ತದೆ. ವಿಮೆ ಇದ್ದೂ ಕೊಡಲಿಲ್ಲ, ಅಥವಾ ನೌಕರ ಬೇಕೆಂದೇ ಹೀಗೆ ಮಾಡಿದ ಎಂಬುದನ್ನು ದಾಖಲೆಯಿಂದ ತೋರಿಸಬೇಕು.

ದೂರು ಹೀಗಿರಲಿ

"ದಿನಾಂಕ ____ ರಂದು ____ ಅಂಚೆ ಕಚೇರಿಯಿಂದ, ಸಂಖ್ಯೆ ____ ರ ಸ್ಪೀಡ್ ಪೋಸ್ಟ್ ಪಾರ್ಸಲನ್ನು ____ ಇವರಿಗೆ ಕಳಿಸಿರುತ್ತೇನೆ. ತೂಕ ____ ಗ್ರಾಂ, ವಿಮೆ ಮೊತ್ತ ____ ರೂಪಾಯಿ. ಒಳಗಿದ್ದ ವಸ್ತು ____, ಅದರ ಬೆಲೆ ____ ರೂಪಾಯಿ, ಬಿಲ್ ಲಗತ್ತಿಸಿದೆ. ಈವರೆಗೆ ತಲುಪಿರುವುದಿಲ್ಲ. ತನಿಖೆ ನಡೆಸಿ, ವಿಮೆ ಮೊತ್ತ ಹಾಗೂ ಕಟ್ಟಿದ ಶುಲ್ಕವನ್ನು ಕೊಡಿಸಬೇಕೆಂದು ಕೋರುತ್ತೇನೆ."

ಇಷ್ಟೇ ಸಾಕು. ಸಿಟ್ಟಿನ ಮಾತು ಬೇಡ. ಎರಡು ಪ್ರತಿ ಮಾಡಿ, ಒಂದರ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ.

ಪಾರ್ಸಲ್ ಹೆಸರಿನ ಮೋಸ

"ನಿಮ್ಮ ಪಾರ್ಸಲ್ ಗೋದಾಮಿನಲ್ಲಿದೆ, ವಿಳಾಸ ಸರಿಪಡಿಸಲು ಈ ಲಿಂಕ್ ಒತ್ತಿ" ಎಂಬ ಸಂದೇಶ, "ನಿಮ್ಮ ಪಾರ್ಸಲಿನಲ್ಲಿ ಮಾದಕ ವಸ್ತು ಸಿಕ್ಕಿದೆ" ಎಂದು ಪೊಲೀಸ್ ವೇಷದಲ್ಲಿ ಬರುವ ವಿಡಿಯೊ ಕರೆ, ಎರಡೂ ವಂಚನೆ. ನಮ್ಮ ಕಾನೂನಿನಲ್ಲಿ "ಡಿಜಿಟಲ್ ಅರೆಸ್ಟ್" ಎಂಬುದಿಲ್ಲ. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ತಡೆಹಿಡಿಯುವುದು ಕಷ್ಟ.

ನೆರವು ಕೇಳಲು ಸಂಕೋಚ ಬೇಡ

ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಉಳಿದವರಲ್ಲಿ ಹೆಚ್ಚಿನವರಿಗೆ ಆದಾಯದ ಮಿತಿ ಇದೆ. 15100ಕ್ಕೆ ಕರೆ ಮಾಡಿ ಅಥವಾ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಕೇಳಿ.

ಓದು ಬಲ್ಲ ಯುವಕ ಯುವತಿಯರಲ್ಲಿ ಒಂದು ಕಳಕಳಿಯ ಮನವಿ. ನಿಮ್ಮ ಓಣಿಯ ಅಜ್ಜ ಅಜ್ಜಿಯರು, ಅಕ್ಕ ತಂಗಿಯರು ಪಾರ್ಸಲ್ ಕಳಿಸುವಾಗ ಜೊತೆಗೆ ಹೋಗಿ. ಬೆಲೆ ಬರೆಸಿ, ವಿಮೆ ಮಾಡಿಸಿ, ರಸೀದಿ ಓದಿ ಹೇಳಿ, ಅದರ ಫೋಟೊ ತೆಗೆದುಕೊಡಿ. ನಮ್ಮ ಭಾಗದ ಜನ ಕಳೆದುಕೊಂಡದ್ದನ್ನು "ಹಣೆಬರ" ಎಂದು ಬಿಟ್ಟುಬಿಡುವುದೇ ಹೆಚ್ಚು. ಬಿಡಬೇಕಾಗಿಲ್ಲ. ಕೈಯಲ್ಲಿ ಸರಿಯಾದ ಕಾಗದ ಇದ್ದವರ ಮಾತನ್ನು ಅಂಚೆ ಕಚೇರಿಯಿಂದ ಆಯೋಗದವರೆಗೆ ಎಲ್ಲರೂ ಕೇಳಲೇಬೇಕು.