ಔಷಧ ವಿತರಣೆಯ ತರಬೇತಿಗೆ ಬೇಕಾದ ದೈಹಿಕ ಮತ್ತು ಮಾನಸಿಕ ಸಾಮರ್ಥ್ಯಗಳು

ಚೆನ್ನೈ ನಗರದ ಗಿಂಡಿಯಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ಸೇರಿದ ಒಂದು ಸಂಸ್ಥೆಯಿದೆ. ಹಿಂದೆ ಅಂಗವಿಕಲರ ವೃತ್ತಿ ಪುನರ್ವಸತಿ ಕೇಂದ್ರವೆನಿಸಿದ್ದ ಇದು ಈಗ ವಿಕಲಚೇತನರ ರಾಷ್ಟ್ರೀಯ ವೃತ್ತಿ ಸೇವಾ ಕೇಂದ್ರವಾಗಿದೆ. ಬೆಂಗಳೂರಿನಲ್ಲಿಯೂ ಇಂತಹ ಕೇಂದ್ರವುಂಟು. ವ್ಯಕ್ತಿಯಲ್ಲಿ ಕುಂದಿರುವುದನ್ನು ಮಾತ್ರ ನೋಡದೆ, ಉಳಿದಿರುವ ಸಾಮರ್ಥ್ಯವನ್ನು ಅಳೆದು ತಕ್ಕ ವೃತ್ತಿಯನ್ನು ಸೂಚಿಸುವುದು ಇವುಗಳ ಕಾರ್ಯ. ಔಷಧ ವಿತರಣೆಯ ತರಬೇತಿಗೆ ಸೇರಬಯಸುವ ಪ್ರತಿಯೊಬ್ಬರೂ ತಮ್ಮನ್ನು ಇದೇ ದೃಷ್ಟಿಯಿಂದ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ತರಬೇತಿಯ ಸ್ವರೂಪ

ವೈದ್ಯರ ಚೀಟಿಯಂತೆ ಔಷಧ ನೀಡುವ ಹೊಣೆಯನ್ನು 1948ರ ಫಾರ್ಮಸಿ ಅಧಿನಿಯಮವು ನೋಂದಾಯಿತ ಫಾರ್ಮಸಿಸ್ಟರಿಗೆ ವಹಿಸಿದೆ. ಸಹಾಯಕರು ಅವರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುತ್ತಾರೆ. ಫಾರ್ಮಸಿ ಡಿಪ್ಲೊಮಾದ ಅವಧಿ 2 ವರ್ಷ. ಅನಂತರ 500 ಗಂಟೆಗಳ ಪ್ರಾಯೋಗಿಕ ತರಬೇತಿಯಿರುತ್ತದೆ.

ದೈಹಿಕ ಸಾಮರ್ಥ್ಯ

ಮಾತ್ರೆಯ ಪಟ್ಟಿಯ ಮೇಲೆ ಸಣ್ಣಕ್ಷರಗಳಲ್ಲಿ ಅಚ್ಚಾದ ಹೆಸರು, ಪ್ರಮಾಣ ಮತ್ತು ಅವಧಿ ಮುಗಿಯುವ ದಿನಾಂಕಗಳನ್ನು ಓದಬಲ್ಲ ದೃಷ್ಟಿ ಅಗತ್ಯ. ಅಳತೆಗಾಜಿನಲ್ಲಿರುವ ದ್ರವದ ಮೇಲ್ಮೈ ಬಾಗಿರುವುದರಿಂದ, ಬಾಗಿನ ಕೆಳ ಅಂಚನ್ನು ಕಣ್ಣಿನ ಮಟ್ಟಕ್ಕೆ ತಂದು ಓದಬೇಕು. ತಕ್ಕಡಿಯಲ್ಲಿ ಪುಡಿಯನ್ನು ತೂಗಲು ನಡುಗದ ಕೈ, ಬಹಳ ಹೊತ್ತು ನಿಂತು ಕೆಲಸ ಮಾಡುವ ತಾಳ್ಮೆ, ರೋಗಿಯ ಮಾತನ್ನು ಸರಿಯಾಗಿ ಗ್ರಹಿಸುವ ಶಕ್ತಿ ಇವೂ ಬೇಕಾಗುತ್ತವೆ.

ಮಾನಸಿಕ ಸಾಮರ್ಥ್ಯ

ಇವುಗಳಲ್ಲಿ ಮೊದಲನೆಯದು ಏಕಾಗ್ರತೆ. ಕ್ಲೋರ್‌ಪ್ರೊಮಜೀನ್ ಮಾನಸಿಕ ಕಾಯಿಲೆಯ ಔಷಧ; ಕ್ಲೋರ್‌ಪ್ರೊಪಮೈಡ್ ಮಧುಮೇಹದ ಔಷಧ. ಒಂದರ ಬದಲು ಇನ್ನೊಂದನ್ನು ಕೊಟ್ಟರೆ ರಕ್ತದ ಸಕ್ಕರೆ ಕುಸಿದು ಪ್ರಾಣಾಪಾಯವಾಗಬಹುದು. ಎರಡನೆಯದು ಲೆಕ್ಕದ ಅರಿವು. 5 ಮಿಲಿಲೀಟರಿನಲ್ಲಿ 125 ಮಿಲಿಗ್ರಾಂ ಔಷಧವಿದ್ದರೆ, 250 ಮಿಲಿಗ್ರಾಂ ಬೇಕಾದಾಗ 10 ಮಿಲಿಲೀಟರ್ ಅಳೆಯಬೇಕು. 0.5 ಎಂಬಲ್ಲಿ ಬಿಂದು ಕಣ್ತಪ್ಪಿದರೆ ಪ್ರಮಾಣ ಹತ್ತು ಪಟ್ಟಾಗುತ್ತದೆ. ಜನಸಂದಣಿಯಲ್ಲೂ ಗಲಿಬಿಲಿಗೊಳ್ಳದಿರುವುದು, ಸಂದೇಹ ಬಂದಾಗ ಸಂಕೋಚವಿಲ್ಲದೆ ವಿಚಾರಿಸುವುದು, ರೋಗಿಯ ಗುಟ್ಟನ್ನು ಕಾಪಾಡುವುದು ಇವೂ ಈ ಗುಣಗಳಿಗೆ ಸೇರಿದವು.

ನ್ಯೂನತೆಯಿದ್ದವರು

ನ್ಯೂನತೆಯಿದ್ದ ಮಾತ್ರಕ್ಕೆ ವ್ಯಕ್ತಿಯು ಅನರ್ಹನಾಗುವುದಿಲ್ಲ. ಕಾಲಿನಲ್ಲಿ ಬಲವಿಲ್ಲದವರು ಎತ್ತರದ ಪೀಠದ ಮೇಲೆ ಕುಳಿತು ಕೆಲಸ ಮಾಡಬಹುದು. ಕಿವಿ ಮಂದವಾದವರು ವಿಷಯವನ್ನು ಬರೆಯಿಸಿಕೊಂಡು ಖಚಿತಪಡಿಸಿಕೊಳ್ಳಬಹುದು. ಬಣ್ಣ ಗುರುತಿಸಲಾಗದವರು ಹೆಸರನ್ನು ಓದಿಯೇ ಔಷಧವನ್ನು ತೆಗೆಯಬೇಕು. ಬಣ್ಣವನ್ನು ನಂಬಬಾರದೆಂಬ ಈ ನಿಯಮ ಎಲ್ಲರಿಗೂ ಹಿತಕರ. ಇಂತಹ ಯುಕ್ತ ಅನುಕೂಲಗಳನ್ನು 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಮನ್ನಿಸಿದೆ. ವೈದ್ಯಕೀಯ ಪದವಿ ಪ್ರವೇಶದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2024ರಲ್ಲಿ, ನ್ಯೂನತೆಯ ಶೇಕಡಾವಾರು ಪ್ರಮಾಣವೊಂದನ್ನೇ ಆಧರಿಸಿ ಅಭ್ಯರ್ಥಿಯನ್ನು ತಿರಸ್ಕರಿಸಬಾರದು, ಆತನು ವ್ಯಾಸಂಗ ಮಾಡಬಲ್ಲನೇ ಎಂಬುದನ್ನು ಪರಿಶೀಲಿಸಬೇಕು ಎಂದು ತೀರ್ಪಿತ್ತಿತು.

ಆದರೆ ರೋಗಿಯ ಸುರಕ್ಷತೆಯ ವಿಷಯದಲ್ಲಿ ಯಾವ ರಿಯಾಯಿತಿಯೂ ಇಲ್ಲ. ಎಲ್ಲ ಅನುಕೂಲಗಳನ್ನು ಒದಗಿಸಿದ ಮೇಲೂ ಓದು, ಅಳತೆ ಅಥವಾ ಲೆಕ್ಕ ತಪ್ಪುತ್ತಿದ್ದರೆ ಬೇರೆ ವೃತ್ತಿಯನ್ನು ಆರಿಸಿಕೊಳ್ಳುವುದೇ ವಿವೇಕ. ಆ ತೀರ್ಮಾನವನ್ನು ಊಹೆಯಿಂದ ಕೈಗೊಳ್ಳದೆ, ಕೆಲಸವನ್ನು ಮಾಡಿಸಿ ನೋಡಿದ ಮೇಲೆಯೇ ಕೈಗೊಳ್ಳಬೇಕು.