ಗುಂಡು ಚೋರಟೆಯನ್ನು ಸಾಕಬಹುದೇ?



ಕಳೆದ ಮಳೆಗಾಲದಲ್ಲಿ ಎರ್ಮಾಳಿನ ಒಂದು ಸಂಘದ ಸಭೆಗೆ ಹೋಗಿದ್ದೆ. ಉಳಿತಾಯದ ಹಣ ಲೆಕ್ಕ ಆಯಿತು, ಸಾಲದ ಕಂತು ಬರೆದದ್ದೂ ಆಯಿತು. ಆಗ ಒಬ್ಬರು ಅಕ್ಕ ಚೀಲದಿಂದ ಬಿಸ್ಕತ್ತಿನ ಡಬ್ಬಿ ತೆಗೆದು ನನ್ನ ಮುಂದೆ ಇಟ್ಟರು. ಒಳಗೆ ಕಂದು ಬಣ್ಣದ ಆರು ಗೋಲಿಗಳು. ಒಂದು ಮಗು ನಿಜವಾದ ಗೋಲಿ ಅಂತಲೇ ಕೈಗೆ ಎತ್ತಿಕೊಂಡಿತು. ಸ್ವಲ್ಪ ಹೊತ್ತಿನಲ್ಲಿ ಗೋಲಿ ಮೆಲ್ಲನೆ ಬಿಚ್ಚಿಕೊಂಡು, ಕಾಲು ಹೊರಗೆ ಹಾಕಿ ನಡೆಯಲು ಶುರು ಮಾಡಿತು ನೋಡಿ, ಸಭೆ ಅಲ್ಲಿಗೇ ಚದುರಿತು!

ಆ ಅಕ್ಕನ ತವರು ಕಾರ್ಕಳದಾಚೆ ಮಾಳದ ಕಡೆ. ತೋಟದ ತರಗೆಲೆ ಗುಡಿಸುವಾಗ ಸಿಕ್ಕಿದ್ದಂತೆ. "ಸಿಸ್ಟರ್, ಇದನ್ನು ಸಾಕಿ ಮರಿ ಮಾಡಿಸಿ ಕೊಟ್ಟರೆ ಒಂದಕ್ಕೆ ಇಷ್ಟು ಅಂತ ದುಡ್ಡು ಕೊಡುವವರು ಇದ್ದಾರಂತೆ. ಫೋನಲ್ಲಿ ಮಾತಾಡಿದ್ದಾರೆ. ಪೆಟ್ಟಿಗೆ ಅವರೇ ಕೊಡ್ತಾರೆ, ಅದಕ್ಕೆ ಮೊದಲು ಹಣ ಕಟ್ಟಬೇಕು. ಸಂಘದಿಂದ ಸಾಲ ತೆಗೆಯಬಹುದಾ?" ಎಂದು ಕೇಳಿದರು. ನಿರ್ಣಯ ಪುಸ್ತಕ ತೆರೆದೇ ಇತ್ತು. ಇನ್ನೂ ನಾಲ್ಕು ಮಂದಿ ಸಾಲಕ್ಕೆ ಹೆಸರು ಕೊಡಲು ಸಿದ್ಧರಿದ್ದರು. ಅವತ್ತು ನಾನು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಬೇರೆ ಸಂಘಗಳಿಗೂ ಇಂಥ ಫೋನು ಬರಬಹುದಲ್ಲವೇ.

ಮೊದಲು ಇದು ಯಾವ ಹುಳ ಎಂದು ತಿಳಿಯೋಣ. ಮಳೆ ಬಂದಾಗ ಗೋಡೆ ಮೇಲೆ ಹರಿಯುವ, ಮುಟ್ಟಿದರೆ ಚಕ್ಕುಲಿಯ ಹಾಗೆ ಸುತ್ತಿಕೊಳ್ಳುವ ಚೋರಟೆ ನಿಮಗೆಲ್ಲ ಗೊತ್ತು. ಇದು ಅದರದೇ ಬಳಗ. ಆದರೆ ಮೈ ಗಿಡ್ಡ, ಬೆನ್ನು ಅಗಲ. ಸುತ್ತಿಕೊಂಡರೆ ಚಕ್ಕುಲಿ ಆಗುವುದಿಲ್ಲ, ಪೂರ್ತಿ ಉಂಡೆಯೇ ಆಗುತ್ತದೆ. ಸಹಸ್ರಪದಿ ಎಂದು ಪುಸ್ತಕದಲ್ಲಿ ಹೆಸರು, ಆದರೆ ಸಾವಿರ ಕಾಲು ಎಲ್ಲಿಂದ ಬರಬೇಕು? ಹೆಣ್ಣಿಗೆ 21 ಜೊತೆ, ಗಂಡಿಗೆ 23 ಜೊತೆ, ಅಷ್ಟೇ. ಕಚ್ಚುವುದಿಲ್ಲ, ವಿಷವಿಲ್ಲ. ಉದ್ದ ಚೋರಟೆ ಬಿಡುವ ಆ ಕೆಟ್ಟ ವಾಸನೆಯ ರಸವೂ ಇದರಲ್ಲಿಲ್ಲ. ಉಂಡೆಯಾಗುವುದೊಂದೇ ಇದಕ್ಕೆ ಗೊತ್ತಿರುವ ರಕ್ಷಣೆ.

ನಮ್ಮ ಘಟ್ಟದ ಈ ಜಾತಿಗೆ ವಿಜ್ಞಾನಿಗಳು ಅರ್ಥ್ರೋಸ್ಫೇರಾ ಎಂದು ಹೆಸರಿಟ್ಟಿದ್ದಾರೆ. ದಕ್ಷಿಣ ಭಾರತ, ಶ್ರೀಲಂಕಾದ ಕಡೆಯ ಜೀವಿ. ಎರ್ಮಾಳ್, ಪಡುಬಿದ್ರಿ, ಕಾಪುವಿನ ಹೊಯ್ಗೆಯಲ್ಲಿ ಹುಡುಕಬೇಡಿ. ತಂಪು, ಮರದ ನೆರಳು, ದಪ್ಪ ತರಗೆಲೆ ಇರುವ ಘಟ್ಟದ ಬುಡದ ಕಾಡು ಮತ್ತು ಔಷಧಿ ಹೊಡೆಯದ ತೋಟ ಇದರ ಮನೆ.

ಇದನ್ನು ಅಭ್ಯಾಸ ಮಾಡಿದವರು ದೂರದವರಲ್ಲ, ನಮ್ಮ ಮಂಗಳೂರು ವಿಶ್ವವಿದ್ಯಾನಿಲಯದವರೇ. ಕೊಣಾಜೆಯ ಪ್ರೊಫೆಸರ್ ಕೆ.ಆರ್. ಶ್ರೀಧರ್ ಮತ್ತು ಕೆ.ಎಂ. ಅಶ್ವಿನಿಯವರು ಅಡ್ಯನಡ್ಕದ ಕಡೆಯ ಸಾವಯವ ಮಿಶ್ರ ತೋಟದಲ್ಲಿ ಈ ಹುಳವನ್ನು ನೋಡಿ 2006ರಲ್ಲಿ ಲೇಖನಗಳನ್ನು ಪ್ರಕಟಿಸಿದರು. ತೋಟದ ತರಗೆಲೆ ತಿನ್ನಿಸಿ, ಅದರ ಹಿಕ್ಕೆ ಗೊಬ್ಬರವಾಗಿ ಹೇಗಿದೆ ಎಂದೂ ಪರೀಕ್ಷಿಸಿದರು. ಎಲೆಗಿಂತ ಹಿಕ್ಕೆಯಲ್ಲಿ ಸಾರಜನಕದ ಪಾಲು ಹೆಚ್ಚು, ಒಗರಿನ ಅಂಶ ಕಡಿಮೆ. ಆದುದರಿಂದ "ಸಿಸ್ಟರ್, ಇದು ಬರೀ ಪೊಳ್ಳು ಮಾತಾ?" ಎಂದು ಕೇಳಿದರೆ, ಅಲ್ಲ. ಹುಳ ಒಳ್ಳೆಯದೇ, ಗೊಬ್ಬರವೂ ಒಳ್ಳೆಯದೇ. ಪೊಳ್ಳು ಇರುವುದು ದುಡ್ಡಿನ ಲೆಕ್ಕದಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ಕೆಲವು ವರ್ಷದ ಹಿಂದೆ ಘಟ್ಟದ ಬುಡದ ಕಾನ್ವೆಂಟಿನಲ್ಲಿ ಇದ್ದಾಗ, ಮಕ್ಕಳಿಗೆ ತೋರಿಸಲೆಂದು ನಾನೂ ಇದನ್ನು ಸಾಕಲು ಹೊರಟೆ. ಮಲ್ಪೆಯ ಮೀನು ಬರುತ್ತಿದ್ದ ಥರ್ಮೋಕೋಲ್ ಪೆಟ್ಟಿಗೆ ಬಿಟ್ಟಿ ಸಿಕ್ಕಿತು. ಒಂದು ಸಲ ನೀರು ಹೊಯ್ದು ತೊಳೆದೆ. ಹೊಯ್ಗೆ, ಮಣ್ಣು ಬೆರೆಸಿ ತುಂಬಿಸಿ ಮುಚ್ಚಳ ಹಾಕಿದೆ. ಹತ್ತು ದಿನದಲ್ಲಿ ಎಲ್ಲ ಸತ್ತವು. ಪೆಟ್ಟಿಗೆಯಲ್ಲಿ ಉಪ್ಪು ಉಳಿದಿತ್ತು, ಗಾಳಿ ಇರಲಿಲ್ಲ. ಎರಡನೇ ಸಲ ಎಲ್ಲ ಸರಿ ಮಾಡಿದೆ, ಆದರೆ ಎರೆಗೊಬ್ಬರದ ಅಭ್ಯಾಸದಲ್ಲಿ ವಾರಕ್ಕೊಮ್ಮೆ ಮಣ್ಣು ಮಗುಚಿದೆ. ಮಣ್ಣೊಳಗೆ ಗೂಡು ಮಾಡಿ ಪೊರೆ ಬಿಡುತ್ತಿದ್ದ ಹುಳಗಳು ನನ್ನ ಕೈಯಿಂದಲೇ ಹಾಳಾದವು. ಪೊರೆ ಬಿಟ್ಟ ಹೊಸತರಲ್ಲಿ ಮೈ ಬೆಣ್ಣೆಯ ಹಾಗೆ ಮೆತ್ತಗೆ ಇರುತ್ತದೆ. ಓದಿದವಳು ಅಂತ ಹೇಳಿಕೊಂಡು ಏನು ಪ್ರಯೋಜನ! ಮೂರನೇ ಸಲ ಕೈ ಹಾಕದೆ ಬಿಟ್ಟೆ, ಆಗ ಬದುಕಿದವು.

ಹಾಗಾಗಿ, ಮನೆಯ ತೋಟದಲ್ಲೇ ಇದು ಸಿಗುವವರು ನಾಲ್ಕಾರು ಹುಳ ಇಟ್ಟು ನೋಡಬೇಕೆಂದಿದ್ದರೆ ಹೀಗೆ ಮಾಡಿ. ಎರಡಡಿ ಉದ್ದದ ಮರದ ಪೆಟ್ಟಿಗೆಯೋ ಪ್ಲಾಸ್ಟಿಕ್ ಟಬ್ಬೋ ಸಾಕು. ಅಡಿಯಲ್ಲಿ ನೀರು ಇಳಿಯಲು ತೂತು ಇರಲಿ. ಮೇಲೆ ಮುಚ್ಚಳದ ಬದಲು ಸೊಳ್ಳೆಪರದೆಯ ಬಲೆ ಕಟ್ಟಿ, ಕೋಳಿ ಬಂದು ಕುಕ್ಕಿದರೆ ಕೆಲಸ ಮುಗಿಯಿತು. ಇರುವೆ ಬಾರದ ಹಾಗೆ ಸ್ಟೂಲಿನ ಮೇಲೆ ಇಟ್ಟು, ಅದರ ಕಾಲುಗಳನ್ನು ನೀರಿನ ಗೆರಟೆಯಲ್ಲಿ ನಿಲ್ಲಿಸಿ. ಐದಾರು ಇಂಚು ತೋಟದ ಕಪ್ಪು ಮಣ್ಣು, ಅದರಲ್ಲಿ ಕೈಯಲ್ಲಿ ಹಿಸುಕಿದರೆ ಹುಡಿಯಾಗುವ ಕುಂಬು ಮರದ ಚೂರು ಬೆರೆಸಿ. ಅದರ ಮೇಲೆ ನಾಲ್ಕು ಬೆರಳು ದಪ್ಪ ತರಗೆಲೆ. ಹಸಿರೆಲೆ ಬೇಡ, ಮೇಲಿನ ಗರಿಗರಿ ಎಲೆಯೂ ಬೇಡ. ರಾಶಿಯ ಅಡಿಯಲ್ಲಿ ಅರ್ಧ ಕೊಳೆತು ಕಪ್ಪಾಗಿರುತ್ತದಲ್ಲ, ಅದೇ ಅದರ ಊಟ. ಯಾವ ಮರದ ಬುಡದಲ್ಲಿ ಹುಳ ಸಿಕ್ಕಿತೋ ಅದೇ ಬುಡದ ಎಲೆ ತಂದರೆ ಎಲ್ಲಕ್ಕಿಂತ ಉತ್ತಮ. ಅಡಿಕೆಗೆ ಮೈಲುತುತ್ತು ಹೊಡೆದ ತೋಟದ ಎಲೆಯನ್ನು ಮಾತ್ರ ತರಲೇಬೇಡಿ.

ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ಸುರಿಯಬಾರದು. ಬಿಸಿಲು ಬೀಳದ ಜಾಗ, ಬಚ್ಚಲಿನ ಹಿಂಬದಿಯ ನೆರಳು ಆಗಬಹುದು. ಬಾವಿ ನೀರು ಉಪ್ಪು ಇರುವ ಕಡಲ ಬದಿಯ ಮನೆಗಳಲ್ಲಿ ಮಳೆನೀರು ಹಿಡಿದು ಚಿಮುಕಿಸಿ. ಬೆನ್ನಿನ ಚಿಪ್ಪು ಗಟ್ಟಿಯಾಗಲು ಸುಣ್ಣದ ಅಂಶ ಬೇಕು. ಮೊಟ್ಟೆಯ ಓಡು ಅಥವಾ ಚೆನ್ನಾಗಿ ತೊಳೆದ ಮರುವಾಯಿ ಚಿಪ್ಪನ್ನು ಕುಟ್ಟಿ ಹುಡಿ ಮಾಡಿ ಉದುರಿಸಿ. ವೀಳ್ಯಕ್ಕೆ ಹಚ್ಚುವ ಸುಟ್ಟ ಸುಣ್ಣ ಹಾಕಿದರೆ ಮೈ ಸುಟ್ಟುಹೋಗುತ್ತದೆ.

ಮರಿಯ ವಿಷಯ. ಹುಳ ತಾನಾಗಿ ಬಿಚ್ಚಿಕೊಂಡಾಗ ಹಿಂಭಾಗದ ಅಡಿಯನ್ನು ನೋಡಿ. ಚಿಮಟದಂಥ ದಪ್ಪ ಕಾಲು ಇದ್ದರೆ ಗಂಡು. ಉಗುರು ಹಾಕಿ ಬಿಡಿಸಲು ಹೋಗಬೇಡಿ. ಹೆಣ್ಣು ಹೆದರಿ ಉಂಡೆಯಾಗಿದ್ದರೆ ಗಂಡು ಹಿಂದಿನ ಕಾಲು ಉಜ್ಜಿ ಸಣ್ಣ ಸದ್ದು ಮಾಡಿ ಬಿಚ್ಚಿಕೊಳ್ಳುವ ಹಾಗೆ ಮಾಡುತ್ತದಂತೆ! ಇವು ಚುರುಕಾಗಿರುವುದು ಮಳೆಗಾಲದಲ್ಲಿ, ಸುಮಾರು ಜೂನ್‌ನಿಂದ ನವೆಂಬರ್ ತನಕ. ಮರಿಯಾಗುವ ಕಾಲವೂ ಮಳೆಯದೇ. ಬೇಸಿಗೆಯಲ್ಲಿ ಮಣ್ಣಿನ ಅಡಿಗೆ ಹೋಗಿ ಸುಮ್ಮನಿರುತ್ತವೆ. ಸತ್ತವು ಅಂತ ತಿಳಿದು ಪೆಟ್ಟಿಗೆ ಬೋರಲು ಹಾಕಬೇಡಿ.

ಇಲ್ಲಿ ಒಂದು ಮುಖ್ಯ ಮಾತು ಉಂಟು. ತಾಯಿ ಒಂದೊಂದು ಮೊಟ್ಟೆಗೂ ಮಣ್ಣಿನ ಕವಚ ಸುತ್ತಿ ಇಡುತ್ತದೆ. ನೋಡಲು ಅದು ಹಿಕ್ಕೆಯ ಕಾಳಿನ ಹಾಗೆಯೇ ಇರುತ್ತದೆ. ಗೊಬ್ಬರ ಅಂತ ಎಲ್ಲ ಬಾಚಿ ಗಿಡಕ್ಕೆ ಹಾಕಿದರೆ ಮುಂದಿನ ಸಂತಾನವನ್ನೇ ಎಸೆದ ಹಾಗೆ. ಮೇಲಿನ ಒಂದು ಪದರ ಮಾತ್ರ ತೆಗೆಯಿರಿ, ಒಳಗೆ ಕೈ ಹಾಕಬೇಡಿ. ಹಿಕ್ಕೆಯನ್ನು ಸ್ವಲ್ಪ ಅಲ್ಲೇ ಬಿಡಬೇಕು, ಅದನ್ನೂ ಅವು ತಿನ್ನುತ್ತವೆ. ಮರಿ ತೀರ ಸಣ್ಣದು, ಬಿಳಿಚಿಕೊಂಡಿರುತ್ತದೆ, ಕಾಲು ಕಡಿಮೆ. ಪೊರೆ ಬಿಟ್ಟ ಹಾಗೆ ಕಾಲು ಕೂಡುತ್ತಾ ಹೋಗುತ್ತದೆ. ದೊಡ್ಡದಾಗಲು ತಿಂಗಳಲ್ಲ, ವರ್ಷಗಳೇ ಬೇಕು.

ಈಗ ಲೆಕ್ಕಕ್ಕೆ ಬರೋಣ. ಎರೆಗೊಬ್ಬರಕ್ಕೆ ನಾವು ಬಳಸುವ ಆಫ್ರಿಕಾದ ಎರೆಹುಳ ಎರಡು ತಿಂಗಳೊಳಗೆ ಬೆಳೆದು ಮೊಟ್ಟೆ ಇಡಲು ತಯಾರು. ಅದಕ್ಕೆ ಸಂಘದಿಂದ ಸಾಲ ಕೊಟ್ಟರೆ ಕಂತು ತಿರುಗಿ ಬರುವ ದಾರಿ ಉಂಟು. ಗುಂಡು ಚೋರಟೆಗೆ ಸಾಲ ಕೊಟ್ಟರೆ ಹುಳ ದೊಡ್ಡದಾಗುವ ಮೊದಲೇ ಬಡ್ಡಿ ದೊಡ್ಡದಾಗುತ್ತದೆ. ಆಗ ಕಂತು ಕಟ್ಟಲು ಏನು ಮಾಡುತ್ತೀರಿ? ಸಾಕಿದ್ದು ಸಾಲದೆ, ಕಾಡಿಗೆ ಹೋಗಿ ಹೆಕ್ಕಿ ತರುತ್ತೀರಿ. ಫೋನು ಮಾಡಿದವರಿಗೂ ಬೇಕಾದದ್ದು ಅದೇ ಇರಬಹುದು. ಸೋಮೇಶ್ವರ ಅಭಯಾರಣ್ಯ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗಿಂದ ಅನುಮತಿ ಇಲ್ಲದೆ ಜೀವಿಗಳನ್ನು ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಪ್ರಕಾರ ಅಪರಾಧ. ಸಿಕ್ಕಿಬೀಳುವವರು ಫೋನಿನಲ್ಲಿರುವವರಲ್ಲ, ಚೀಲ ಹಿಡಿದ ಹೆಂಗಸು.

ಹೊರದೇಶಗಳಲ್ಲಿ ಮಡಗಾಸ್ಕರಿನ ದೊಡ್ಡ ಗುಂಡು ಚೋರಟೆಗಳನ್ನು ಚಂದಕ್ಕೆ ಸಾಕಲು ಮಾರುವುದುಂಟು. ತಮ್ಮ ಕಾಡಿನ ಎಲೆ ಸಿಗದೆ ಅವು ಹೆಚ್ಚಾಗಿ ಕೆಲವೇ ತಿಂಗಳಲ್ಲಿ ಸಾಯುತ್ತವೆ, ಮತ್ತೆ ಕಾಡಿನಿಂದಲೇ ಹೊಸತು ತರುತ್ತಾರೆ.

ಮೊದಲು ಹಣ ಕಟ್ಟಿ, ಮರಿ ಆದ ಮೇಲೆ ನಾವೇ ಕೊಳ್ಳುತ್ತೇವೆ ಎನ್ನುವ ಮಾತು ಹೊಸತಲ್ಲ. ತಮಿಳುನಾಡಿನಲ್ಲಿ ಎಮು ಹಕ್ಕಿಗೆ ಹೀಗೇ ಹಣ ಹಾಕಿದ ಸಾವಿರಾರು ಜನ 2012ರಲ್ಲಿ ಬೀದಿಗೆ ಬಂದರು. ನಮ್ಮಲ್ಲೇ ವೆನಿಲ್ಲಾದ ಬೆಲೆ ಏರಿದ್ದೂ, ಆಮೇಲೆ ಕುಸಿದದ್ದೂ ನಿಮಗೆ ನೆನಪಿರಬೇಕು. ಕೊಳ್ಳುವವರ ಹೆಸರು, ವಿಳಾಸ, ರಶೀದಿ, ಲಿಖಿತ ಕರಾರು ಯಾವುದೂ ಇಲ್ಲದೆ ಒಂದು ಪೈಸೆಯನ್ನೂ ಕೊಡಬಾರದು. ಕೇಳಿದ್ದಕ್ಕೆ ಫೋನು ಇಟ್ಟುಬಿಟ್ಟರೆ ಉತ್ತರ ಸಿಕ್ಕಿತು ಎಂದೇ ತಿಳಿಯಿರಿ.

ಅಂದು ಎರ್ಮಾಳಿನ ಸಂಘದವರು ಬಹಳ ಹೊತ್ತು ಚರ್ಚೆ ಮಾಡಿದರು. ಒಬ್ಬರಿಗೆ ನನ್ನ ಮೇಲೆ ಸ್ವಲ್ಪ ಬೇಸರವೂ ಆಯಿತು, "ನಾವು ಏನು ಹೇಳಿದ್ರೂ ಸಿಸ್ಟರ್ ಬೇಡ ಅಂತಾರೆ" ಎಂದರು. ಇರಲಿ. ಕೊನೆಗೆ ಎರೆಗೊಬ್ಬರದ ಎರಡು ತೊಟ್ಟಿಗೆ ಇಬ್ಬರಿಗೆ ಸಾಲ ಎಂದು ನಿರ್ಣಯವಾಯಿತು. ಡಬ್ಬಿ ತಂದ ಅಕ್ಕ ಮುಂದಿನ ಆದಿತ್ಯವಾರ ತವರಿಗೆ ಹೋಗಿ ಆರನ್ನೂ ಅದೇ ಹಲಸಿನ ಬುಡದಲ್ಲಿ ಬಿಟ್ಟು ಬಂದರು. ಅಲ್ಲಿನ ತರಗೆಲೆಗೆ ಬೆಂಕಿ ಕೊಡಬೇಡಿ ಎಂದು ಅತ್ತಿಗೆಗೆ ಹೇಳಿ ಬಂದಿದ್ದಾರಂತೆ. ಈ ವರ್ಷ ಮಳೆ ಹಿಡಿದ ಮೇಲೆ ಹೋಗಿ ನೋಡಿದಾಗ ಎಲೆಯಡಿ ಅಕ್ಕಿ ಕಾಳಿನಷ್ಟು ಸಣ್ಣ ಗುಂಡುಗಳು ಕಂಡವು ಎಂದು ಮೊನ್ನೆ ಸಭೆಯಲ್ಲಿ ಹೇಳಿದರು.